ನಿದ್ರೆಯೂ ಕಿಣ್ವವೂ

ಈ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಲು ವಾಚಕ ಮಹಾಶಯರು ಅಪ್ಪಣೆ ಕೊಡಬೇಕು. ಕೆಲವು ವರ್ಷಗಳ ಹಿಂದೆ, ಹತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯವೊಂದಕ್ಕೆ ಅನ್ವಯ ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ತೂಕಡಿಸುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಅದು ಮೊದಲ ಸಲವೇನೂ ಅಲ್ಲ. "ಏನಯ್ಯಾ, ಕುಂಭಕರ್ಣನ ವಂಶವೋ?" ಎಂದು ಗದರಿಸಿ, ತರಗತಿಯೆಲ್ಲ ನಗುತ್ತಿರಲು, ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಐದು ನಿಮಿಷ ಕಳೆದಿರಲಿಲ್ಲ. ನಿಂತಲ್ಲಿಯೇ ಅವನಿಗೆ ಕಣ್ಣು ಹತ್ತಿತು, ಜೋಲಿ ತಪ್ಪಿ ಕೆಳಗೆ ಬಿದ್ದ. ಹಣೆಗೆ ಪೆಟ್ಟಾಯಿತು. ವಿಚಾರಿಸಿದಾಗ ತಿಳಿದದ್ದು: ಪ್ರತಿದಿನ ಬೆಳಗಿನ ಜಾವ ಮೂರೂವರೆಗೆ ಎದ್ದು ತಂದೆಯ ಜೊತೆ ಹೂವಿನ ಮಂಡಿಗೆ ಹೋಗುತ್ತಿದ್ದನಂತೆ, ಅಲ್ಲಿಂದ ನೇರವಾಗಿ ಆರೂವರೆಗೆ ನಮ್ಮದೇ ವಿಶೇಷ ತರಗತಿಗೆ. "ಹಾಗಾದರೆ ರಾತ್ರಿ ಬೇಗ ಮಲಗಬಾರದೇನಪ್ಪಾ?" ಎಂದೆ. "ಮಲಗ್ತೀನಿ ಸಾರ್. ಹನ್ನೊಂದರ ತನಕ ನಿದ್ದೆ ಬರಲ್ಲ" ಎಂದ. ಅದು ನೆಪವೆಂದೇ ನಾನು ತಿಳಿದೆ.

ನೆಪವಲ್ಲವೆಂದು ನನಗೆ ಹೇಳಿದವರು ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯಿನಿಯವರು. ನಾನು ಕನ್ನಡ ಪಂಡಿತ. ರಸಾಯನಶಾಸ್ತ್ರದ ಬಾಗಿಲನ್ನು ಎಂದೂ ತಟ್ಟಿದವನಲ್ಲ. ಅವರಿಂದ ಕೇಳಿ, ಅವರು ಕೊಟ್ಟ ಪುಸ್ತಕಗಳನ್ನು ಎರಡೆರಡು ಸಲ ಓದಿ ಅರ್ಥ ಮಾಡಿಕೊಂಡುದನ್ನು, ನನ್ನಂತೆಯೇ ವಿಜ್ಞಾನವನ್ನು ಹೊರಗಿನಿಂದ ನೋಡುವವರಿಗಾಗಿ ಇಲ್ಲಿ ಬರೆದಿದ್ದೇನೆ.

ನಿದ್ರೆಯೆಂದರೆ ಎಣ್ಣೆ ತೀರಿದ ಹಣತೆ ನಂದುವಂತೆ ದಣಿದ ಮಿದುಳು ಆರಿಹೋಗುವುದು ಎಂದು ನಮ್ಮಲ್ಲಿ ಅನೇಕರ ಎಣಿಕೆ. ನಮ್ಮ ಹಿಂದಿನವರು ಹಾಗೆ ತಿಳಿದಿರಲಿಲ್ಲ. ಪತಂಜಲಿ ನಿದ್ರೆಯನ್ನು ಚಿತ್ತದ ಐದು ವೃತ್ತಿಗಳಲ್ಲಿ ಒಂದಾಗಿ ಎಣಿಸಿದನು. ಎಂದರೆ ಅದು ಚಿತ್ತದ ಒಂದು ವ್ಯಾಪಾರವೇ ಹೊರತು ಬರಿಯ ಶೂನ್ಯವಲ್ಲ. ಚರಕಸಂಹಿತೆಯು ಶರೀರವನ್ನು ಹೊತ್ತು ನಿಲ್ಲಿಸುವ ಮೂರು ಉಪಸ್ತಂಭಗಳಲ್ಲಿ ನಿದ್ರೆಯನ್ನು ಸೇರಿಸಿತು. ರಾತ್ರಿಯ ಸ್ವಭಾವದಿಂದಲೇ ಹುಟ್ಟುವ ನಿದ್ರೆಯನ್ನು ಭೂತಧಾತ್ರಿ, ಎಂದರೆ ಜೀವಿಗಳನ್ನು ಸಲಹುವ ತಾಯಿ, ಎಂದು ಕರೆಯಿತು. ಆದರೆ ಈ ವ್ಯಾಪಾರವನ್ನು ನಡೆಸುವ ದ್ರವ್ಯ ಯಾವುದು ಎಂಬ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಹುಡುಕಲು ತೊಡಗಿದುದು ಇಪ್ಪತ್ತನೆಯ ಶತಮಾನದಲ್ಲಿ.

೧೯೦೯ರಲ್ಲಿ ಜಪಾನಿನ ಇಶಿಮೋರಿ ಎಂಬ ವಿಜ್ಞಾನಿಯೂ, ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಪಿಯೆರಾನ್ ಮತ್ತು ಲಜಾಂದ್ರ ಎಂಬ ಇಬ್ಬರೂ, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಬಗೆಯ ಪ್ರಯೋಗವನ್ನು ನಡೆಸಿದರು. ನಾಯಿಗಳನ್ನು ಬಹುಕಾಲ ನಿದ್ದೆಗೆಡಿಸಿದರು. (ಪಾಪ, ಆ ಮೂಕಪ್ರಾಣಿಗಳ ಗತಿಯನ್ನು ನೆನೆದರೆ ಮನಸ್ಸು ನೋಯುತ್ತದೆ.) ಜಪಾನಿನಲ್ಲಿ ಅವುಗಳ ಮಿದುಳಿನ ಸಾರವನ್ನು ತೆಗೆದರು, ಪ್ಯಾರಿಸ್ಸಿನಲ್ಲಿ ಮಿದುಳನ್ನೂ ಬೆನ್ನುಹುರಿಯನ್ನೂ ತೊಯಿಸಿಕೊಂಡಿರುವ ತಿಳಿನೀರಿನಂತಹ ದ್ರವವನ್ನು ತೆಗೆದರು. ಅದನ್ನು ಚೆನ್ನಾಗಿ ನಿದ್ದೆಮಾಡಿ ಎದ್ದಿದ್ದ ಬೇರೆ ನಾಯಿಗಳಿಗೆ ಸೂಜಿಯಿಂದ ಚುಚ್ಚಿದರು. ಲವಲವಿಕೆಯಿಂದಿದ್ದ ಆ ನಾಯಿಗಳೂ ಮಲಗಿಬಿಟ್ಟವು. ಎಚ್ಚರವಾಗಿದ್ದಷ್ಟೂ ಮಿದುಳಿನಲ್ಲಿ ಏನೋ ಒಂದು ಸಂಗ್ರಹವಾಗುತ್ತದೆ, ಅದು ಹೆಚ್ಚಿದಾಗ ನಿದ್ರೆ ಬರುತ್ತದೆ ಎಂದು ಇದರಿಂದ ಊಹೆಯಾಯಿತು. ಅದೇನೆಂದು ಹೇಳಲು ಅವರಿಗೆ ಆಗಲಿಲ್ಲ. ಆ ಕಾಲದ ರಸಾಯನಶಾಸ್ತ್ರಕ್ಕೆ ಅಷ್ಟು ಸೂಕ್ಷ್ಮವಾದ ಕಣ್ಣಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಿದ್ರೆ ತರುವ ವಸ್ತು ಕೂಡುತ್ತಲೇ ಹೋದರೆ ನಾವು ಎಚ್ಚರಗೊಳ್ಳುವುದು ಹೇಗೆ? ಕೆರೆಯ ನೀರಿನ ಮಟ್ಟ ಮಳೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ತೂಬು ಎಷ್ಟು ತೆರೆದಿದೆ ಎಂಬುದನ್ನೂ ನೋಡಬೇಕು. ಮಿದುಳಿನ ಕೆರೆಗೂ ತೂಬುಗಳುಂಟು. ಅವೇ ಕಿಣ್ವಗಳು.

ಕಿಣ್ವ ಎಂಬ ಶಬ್ದವನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲು ನನ್ನ ಕಸುಬು ಬಿಡದು. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯವನ್ನು ಹುಳಿಸಲು ಹಾಕುವ ಹುದುಗು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ಅಧ್ಯಕ್ಷನ ಪ್ರಕರಣದಲ್ಲಿ ಇದರ ಪ್ರಸ್ತಾಪವುಂಟು. ಜಡವಾದ ಭೂತಗಳ ಕೂಟದಿಂದ ಚೈತನ್ಯ ಹೇಗೆ ಹುಟ್ಟೀತು ಎಂದು ಕೇಳಿದವರಿಗೆ ಚಾರ್ವಾಕರು ಕೊಡುತ್ತಿದ್ದ ದೃಷ್ಟಾಂತವೂ ಕಿಣ್ವದ್ದೇ: ಕಿಣ್ವಾದಿಗಳಿಂದ ಮದಶಕ್ತಿ ಹುಟ್ಟುವುದಿಲ್ಲವೆ, ಹಾಗೆ! ಇತ್ತ ೧೮೭೦ರ ದಶಕದಲ್ಲಿ ಜರ್ಮನಿಯ ಕ್ಯೂನೆ ಎಂಬ ವಿದ್ವಾಂಸನು ಎನ್‌ಜೈಮ್ ಎಂಬ ಹೆಸರನ್ನು ಗ್ರೀಕ್ ಭಾಷೆಯಿಂದ ಕಟ್ಟಿದನು; ಅದರ ಅರ್ಥ 'ಹುದುಗಿನೊಳಗಿನದು' ಎಂದು. ಅದಕ್ಕೆ ಕನ್ನಡದಲ್ಲಿ ಕಿಣ್ವವೆಂದು ಹೆಸರಿಟ್ಟವರು ಯಾರಾದರೂ ಆಗಲಿ, ಅವರ ಶಬ್ದಜ್ಞಾನಕ್ಕೆ ಕೈಮುಗಿಯಬೇಕು.

ಕಿಣ್ವದ ಕೆಲಸ ನಮ್ಮ ಅಡಿಗೆಮನೆಯಲ್ಲಿಯೇ ಕಾಣುತ್ತದೆ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿಸುವುದು ತಮ್ಮ ಕಿಣ್ವಗಳಿಂದಲೇ. ಕಿಣ್ವವು ಒಂದು ವಸ್ತುವನ್ನು ಕತ್ತರಿಸುತ್ತದೆ, ಇಲ್ಲವೆ ಎರಡನ್ನು ಬೆಸೆಯುತ್ತದೆ. ತಾನು ಮಾತ್ರ ಸವೆಯದೆ ಮುಂದಿನ ಕೆಲಸಕ್ಕೆ ಅಣಿಯಾಗುತ್ತದೆ. ಪ್ರತಿಯೊಂದು ಕಿಣ್ವಕ್ಕೂ ಅದರದೇ ಆದ ಕಸುಬು. ಅಕ್ಕಸಾಲಿಗ ಕುಲುಮೆಯ ಕೆಲಸಕ್ಕೆ ಕೈಹಾಕುವುದಿಲ್ಲ.

ನಿದ್ರೆಗೆ ಸಂಬಂಧಪಟ್ಟ ಕಿಣ್ವಗಳಲ್ಲಿ ಕೆಲವು ತಯಾರಿಸುವಂಥವು. ಜಪಾನಿನ ಒಸಾಮು ಹಯಾಯಿಶಿ ಅವರು ೧೯೮೦ರ ದಶಕದಲ್ಲಿ ಪ್ರೊಸ್ಟಗ್ಲಾಂಡಿನ್ ಡಿ-೨ ಎಂಬ ವಸ್ತು ಇಲಿಗಳಲ್ಲಿ ನಿದ್ರೆ ತರುತ್ತದೆಂದು ತೋರಿಸಿದರು. ಅದನ್ನು ತಯಾರಿಸುವ ಕಿಣ್ವವು ಮಿದುಳನ್ನು ಹೊದೆದಿರುವ ತೆಳುಪೊರೆಗಳಲ್ಲಿದೆ. ೧೯೯೧ರಲ್ಲಿ ಸೆಲೆನಿಯಮ್ಮಿನ ಲವಣವೊಂದರಿಂದ ಆ ಕಿಣ್ವವನ್ನು ತಡೆದಾಗ ಇಲಿಗಳ ನಿದ್ದೆ ತಗ್ಗಿತು. ಕಿಣ್ವದ ಕೈ ಕಟ್ಟಿದರೆ ನಿದ್ರೆಯ ಕೈಯೂ ಕಟ್ಟಿದಂತೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಆದರೆ ನನ್ನನ್ನು ಹೆಚ್ಚು ಸೆಳೆದುದು ಒಡೆಯುವ ಕಿಣ್ವಗಳ ಕಥೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ ಎಂಬುದೊಂದಿದೆ. ಅಲ್ಲಿ ರಿಚರ್ಡ್ ಲರ್ನರ್, ಡೇಲ್ ಬೋಗರ್ ಮೊದಲಾದವರೂ, ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ಬೆಂಜಮಿನ್ ಕ್ರವಾಟ್ ಎಂಬ ತರುಣನೂ ಸೇರಿ, ನಿದ್ದೆಗೆಟ್ಟ ಬೆಕ್ಕುಗಳ ಮಿದುಳ ದ್ರವವನ್ನು ಶೋಧಿಸುತ್ತಿದ್ದರು. ನಿದ್ದೆಗೆಟ್ಟಷ್ಟೂ ಹೆಚ್ಚುತ್ತಿದ್ದ ಕೊಬ್ಬಿನಂಶವೊಂದು ಅವರಿಗೆ ಸಿಕ್ಕಿತು. ೧೯೯೫ರಲ್ಲಿ ಅದರ ಗುರುತು ಪತ್ತೆಯಾಯಿತು: ಓಲಿಯಮೈಡ್. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲದ ಒಂದು ತುದಿಗೆ ಅಮೋನಿಯಾದ ತುಣುಕೊಂದನ್ನು ಜೋಡಿಸಿದರೆ ಆಗುವುದೇ ಓಲಿಯಮೈಡ್. ಹಾಗೆಂದು ರಾತ್ರಿ ಕಡಲೆಕಾಯಿ ಹೆಚ್ಚು ತಿಂದರೆ ನಿದ್ದೆ ಹೆಚ್ಚು ಬರುತ್ತದೆಂದು ಯಾರೂ ತಿಳಿಯಬಾರದು, ಹೊಟ್ಟೆಯುಬ್ಬರ ಬಂದೀತು. ಇನ್ನೊಂದು ಸ್ವಾರಸ್ಯವೆಂದರೆ, ಪ್ಲಾಸ್ಟಿಕ್ ಹಾಳೆಗಳು ಒಂದಕ್ಕೊಂದು ಅಂಟದೆ ನುಣುಚಿಕೊಳ್ಳಲೆಂದು ಕಾರ್ಖಾನೆಗಳಲ್ಲಿ ಬೆರೆಸುವುದೂ ಇದೇ ಓಲಿಯಮೈಡನ್ನು! ಕಾರ್ಖಾನೆಯ ನುಣುಪೂ ಬೆಕ್ಕಿನ ಜೊಂಪೂ ಒಂದೇ ವಸ್ತುವಿನಿಂದ.

ಪ್ರಯೋಗಶಾಲೆಯಲ್ಲಿ ತಯಾರಿಸಿದ ಓಲಿಯಮೈಡನ್ನು ಇಲಿಗಳಿಗೆ ಚುಚ್ಚಿದಾಗ ಅವು ಕಣ್ಣು ಮುಚ್ಚಿ ಮಲಗಿದವು. ಆದರೆ ಸದ್ದಾದರೆ ಸದ್ದು ಬಂದ ಕಡೆಗೆ ತಲೆಯೆತ್ತಿ ನೋಡುತ್ತಿದ್ದವು. ಈ ಸಣ್ಣ ವಿವರ ಬಹಳ ಮುಖ್ಯವಾದದ್ದು. ಅಮಲೇರಿ ಬಿದ್ದವನಿಗೂ ನಿದ್ದೆಮಾಡುತ್ತಿರುವವನಿಗೂ ಇರುವ ಭೇದವೇ ಇದು. ಗುಡುಗಿಗೆ ಏಳದ ತಾಯಿ ತೊಟ್ಟಿಲ ಕೂಸು ಮಿಸುಕಿದರೆ ಏಳುವುದಿಲ್ಲವೆ?

ಇನ್ನು ತೂಬಿನ ಮಾತು. ಓಲಿಯಮೈಡನ್ನು ಕಂಡುಹಿಡಿದವರೇ ಅದನ್ನು ಒಡೆಯುವ ಕಿಣ್ವವನ್ನೂ ಹಿಡಿದರು; ೧೯೯೬ರಲ್ಲಿ ಅದರ ರಚನೆಯ ಪಾಠವನ್ನು ಬರೆದಿರುವ ವಂಶವಾಹಿಯೂ ಸಿಕ್ಕಿತು. ಕೊಬ್ಬಿನಾಮ್ಲದ ಅಮೈಡುಗಳನ್ನು ನೀರಿನ ನೆರವಿನಿಂದ ಸೀಳುವುದರಿಂದ ಅದರ ಇಂಗ್ಲಿಷ್ ಹೆಸರು ಉದ್ದವಾಗಿದೆ. ಬಲ್ಲವರು ಅದನ್ನು ಮೊಟಕು ಮಾಡಿ 'ಫಾ' ಎನ್ನುತ್ತಾರೆ, ನಾವೂ ಹಾಗೆಯೇ ಕರೆಯೋಣ. ಮಿದುಳಿನ ಜೀವಕೋಶಗಳೊಳಗಿನ ಪೊರೆಗಳಲ್ಲಿ ನಾಟಿಕೊಂಡಿರುವ ಈ ಫಾ, ಹತ್ತಿರ ಬಂದ ಓಲಿಯಮೈಡನ್ನು ಹಿಡಿದು ಮತ್ತೆ ಓಲಿಯಿಕ್ ಆಮ್ಲವೂ ಅಮೋನಿಯಾವೂ ಆಗಿ ಒಡೆದುಬಿಡುತ್ತದೆ. ಒಡೆದ ಮೇಲೆ ಅದರಲ್ಲಿ ಜೊಂಪು ತರುವ ಗುಣವಿಲ್ಲ. ಈ ಕಿಣ್ವ ಹುಟ್ಟಿನಿಂದಲೇ ಇಲ್ಲದಂತೆ ಬೆಳೆಸಿದ ಇಲಿಮರಿಗಳು ದೊಡ್ಡವಾದಾಗ, ಉಳಿದವುಗಳಿಗಿಂತ ಹೆಚ್ಚು ಗಾಢನಿದ್ರೆ ಮಾಡಿದವೆಂದು ೨೦೦೪ರಲ್ಲಿ ವರದಿಯಾಯಿತು. ತೂಬು ಮುಚ್ಚಿತ್ತು, ಕೆರೆ ತುಂಬಿತ್ತು.

ಈ ಫಾ ಇನ್ನೊಂದು ವಸ್ತುವನ್ನೂ ಒಡೆಯುತ್ತದೆ. ೧೯೯೨ರಲ್ಲಿ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಮೆಷೂಲಮ್ ಅವರ ಬಳಗದವರು ಹಂದಿಯ ಮಿದುಳಿನಲ್ಲಿ ಅದನ್ನು ಕಂಡರು. ಭಂಗಿಯ ಮಾದಕಾಂಶ ಮಿದುಳಿನಲ್ಲಿ ಯಾವ ಬೀಗಕ್ಕೆ ಕೀಲಿಯಾಗುವುದೋ, ಅದೇ ಬೀಗಕ್ಕೆ ಮಿದುಳು ತಾನೇ ಮಾಡಿಕೊಂಡ ಕೀಲಿ ಇದು. ಅದಕ್ಕೆ ಅವರು ಇಟ್ಟ ಹೆಸರು ಆನಂದಮೈಡ್! ಹೌದು, ನಮ್ಮ ಆನಂದವೇ. ಸಂಸ್ಕೃತ ಶಬ್ದವನ್ನು ತಿಳಿದೇ ಆರಿಸಿಕೊಂಡರು. ಇದನ್ನು ಓದಿದ ದಿನ ನಾನು ಉಪಾಧ್ಯಾಯರ ಕೊಠಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆನೆಂದು ಮರೆಮಾಚದೆ ಹೇಳುತ್ತೇನೆ.

ತೂಬನ್ನು ನಾವೇ ಮುಚ್ಚಿಬಿಟ್ಟರೆ ನಿದ್ದೆಯೂ ಆನಂದವೂ ಒಟ್ಟಿಗೆ ದೊರೆಯಬಹುದಲ್ಲ ಎಂದು ವಾಚಕರಿಗೆ ತೋರಬಹುದು. ಔಷಧ ತಯಾರಕರಿಗೂ ಅಂತಹ ಆಸೆ ಹುಟ್ಟಿತು. ಫಾ ಕಿಣ್ವವನ್ನು ತಡೆಯುವ ಹಲವು ವಸ್ತುಗಳನ್ನು, ಮುಖ್ಯವಾಗಿ ನೋವು ಮೊದಲಾದುವುಗಳ ಚಿಕಿತ್ಸೆಗೆಂದು, ತಯಾರಿಸಿದರು. ಅವುಗಳಲ್ಲೊಂದನ್ನು ೨೦೧೬ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು ಪರೀಕ್ಷಿಸುತ್ತಿದ್ದಾಗ ಆರು ಮಂದಿ ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ತೀರಿಕೊಂಡರು. ಆ ವಸ್ತು ಫಾ ಒಂದನ್ನೇ ಅಲ್ಲದೆ ಕೊಬ್ಬನ್ನು ಒಡೆಯುವ ಬೇರೆ ಹಲವು ಕಿಣ್ವಗಳನ್ನೂ ತಡೆಯುತ್ತದೆಂಬುದು ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಇದೇ ಕಿಣ್ವವನ್ನು ತಡೆಯುವ ಇತರ ಔಷಧಗಳಿಂದ ಅಂತಹ ಅನಾಹುತವಾಗಿರಲಿಲ್ಲ. ಆದರೂ ಒಂದು ಕುಟುಂಬದ ಮಗ ಮನೆಗೆ ಮರಳಲಿಲ್ಲ. ಮಿದುಳಿನ ತೂಬಿಗೆ ಹೊರಗಿನವರು ಕೈಹಾಕುವಾಗ ಪಕ್ಕದ ತೂಬುಗಳು ಎಷ್ಟು ಹತ್ತಿರವಿವೆಯೆಂಬುದನ್ನು ಈ ದುರಂತ ತೋರಿಸಿಕೊಟ್ಟಿತು.

ಓಲಿಯಮೈಡ್ ಒಂದರಿಂದಲೇ ನಿದ್ರೆ ಬರುತ್ತದೆಂದು ಯಾರೂ ಹೇಳುವುದಿಲ್ಲ. ನಮ್ಮ ದಿನನಿತ್ಯದ ಜೀವನಕ್ಕೆ ಹೆಚ್ಚು ಸಮೀಪವಾದದ್ದು ಅಡಿನೊಸೀನ್. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು, ನಾವು ಸುಮ್ಮನೆ ಕುಳಿತಿದ್ದಾಗಲೂ, ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ತಾನೇ ತಿನ್ನುತ್ತದೆ. ಜೀವಕೋಶಗಳ ಸೌದೆ ಎಂದರೆ ಎ.ಟಿ.ಪಿ. ಎಂಬ ವಸ್ತು. ಅದು ಉರಿದು ಉರಿದು ಉಳಿಯುವ ಬೂದಿಯಂತಹುದು ಅಡಿನೊಸೀನ್. ಇದನ್ನು ಬೆಕ್ಕಿನ ಮಿದುಳಿಗೆ ಸೇರಿಸಿದರೆ ನಿದ್ರೆಯಂತಹ ಸ್ಥಿತಿ ಬರುತ್ತದೆಂದು ೧೯೫೪ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಫೆಲ್ಡ್‌ಬರ್ಗ್ ಮತ್ತು ಶರ್‌ವುಡ್ ತೋರಿಸಿದ್ದರು. ಬೆಕ್ಕನ್ನು ಎಚ್ಚರವಾಗಿರಿಸಿದಷ್ಟೂ ಮಿದುಳಿನ ಒಂದು ಭಾಗದಲ್ಲಿ ಅಡಿನೊಸೀನ್ ಏರುತ್ತ ಹೋಗಿ, ಮಲಗಲು ಬಿಟ್ಟಾಗ ಮೆಲ್ಲಮೆಲ್ಲನೆ ಇಳಿಯುವುದನ್ನು ೧೯೯೭ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದರು.

ಈ ಬೂದಿಯನ್ನು ಬಾಚುವವರು ಎರಡು ಕಿಣ್ವಗಳು. ಒಂದು ಅದನ್ನು ಮತ್ತೆ ಸೌದೆಯಾಗುವ ದಾರಿಗೆ ಹಚ್ಚುತ್ತದೆ. ಇನ್ನೊಂದು, ಅಡಿನೊಸೀನ್ ಡಿಅಮಿನೇಸ್ ಎಂಬುದು, ಅದನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಈ ಎರಡನೆಯ ಕಿಣ್ವ ಎಲ್ಲರಲ್ಲಿಯೂ ಒಂದೇ ಸಮನಾಗಿ ಚುರುಕಾಗಿರುವುದಿಲ್ಲ. ೨೦೦೫ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ಕಿನ ಸಂಶೋಧಕರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹುಟ್ಟಿನಿಂದ ಈ ಕಿಣ್ವ ತುಸು ಮಂದವಾಗಿರುವವರು ಉಳಿದವರಿಗಿಂತ ಹೆಚ್ಚು ಹೊತ್ತು, ಹೆಚ್ಚು ಆಳವಾದ ಗಾಢನಿದ್ರೆ ಮಾಡುತ್ತಾರೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಸಂತೆಯಲ್ಲಿ ನಿದ್ದೆಮಾಡುವವನಿಗೂ ಚಿಂತೆಯಿರಬಹುದು, ಅವನ ಕಿಣ್ವ ನಿಧಾನವಾಗಿರಬಹುದು ಎಂಬುದು ಆಗ ಹೊಳೆದಿರಲಿಲ್ಲ.

ಕಾಫಿಯ ಮಹಿಮೆಯೂ ಇಲ್ಲಿಯೇ ಇದೆ. ಕಾಫಿಯಲ್ಲಿರುವ ಕೆಫೀನ್ ಅಡಿನೊಸೀನನ್ನು ಒಡೆಯುವುದಿಲ್ಲ. ಅದು ಕುಳಿತುಕೊಳ್ಳಬೇಕಾದ ಪೀಠದಲ್ಲಿ ತಾನು ಹೋಗಿ ಕುಳಿತುಬಿಡುತ್ತದೆ. ಬೂದಿ ಬೀಳುತ್ತಲೇ ಇರುತ್ತದೆ, ಅದರ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ, ಅಷ್ಟೆ. ಈ ಕೆಫೀನನ್ನು ಹೊರಹಾಕುವ ಕೆಲಸ ಮತ್ತೊಂದು ಕಿಣ್ವದ್ದು, ಅದಿರುವುದು ಪಿತ್ತಜನಕಾಂಗದಲ್ಲಿ. ಕುಡಿದ ಕೆಫೀನಿನ ಅರ್ಧ ಭಾಗ ಕರಗಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ, ಜನರಿಂದ ಜನರಿಗೆ ಹೆಚ್ಚು ಕಡಿಮೆಯುಂಟು. ನಾನು ಐವತ್ತು ದಾಟಿದ ಮೇಲೆ ರಾತ್ರಿ ರೇಡಿಯೋವಿನ ಕೊನೆಯ ಸಂಗೀತ ಮುಗಿದರೂ ಕಣ್ಣು ಮುಚ್ಚದೆ, ನಿದ್ರೆಯ ಮಾತ್ರೆಗೆಂದು ವೈದ್ಯರಲ್ಲಿಗೆ ಹೊರಟಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, "ಸಂಜೆ ಎಷ್ಟು ಗಂಟೆಗೆ ಕಾಫಿ?" ಏಳು ಗಂಟೆಗೆ, ಡಿಕಾಕ್ಷನ್ ಗಟ್ಟಿಯಾಗಿಯೇ. ಹನ್ನೆರಡಕ್ಕೆ ಅದರ ಅರ್ಧ ನನ್ನ ರಕ್ತದಲ್ಲಿ ಇನ್ನೂ ಕುಳಿತಿರುತ್ತಿತ್ತು! ಮಾತ್ರೆ ಬರೆಯದೆ ಹಿಂದಕ್ಕೆ ಕಳಿಸಿದರು. ಈಗ ಸಂಜೆ ಹಾಲು ಕುಡಿಯುತ್ತೇನೆ. ಅದು ಕಾಫಿಯಲ್ಲವೆಂಬ ದುಃಖ ಇದ್ದೇ ಇದೆ.

ಇನ್ನು ಆ ಹುಡುಗನ ಮಾತಿಗೆ ಬರುತ್ತೇನೆ. ಮಿದುಳಿನ ನಡುವೆ ಪೀನಿಯಲ್ ಎಂಬ ಪುಟ್ಟ ಗ್ರಂಥಿಯುಂಟು. ಕತ್ತಲಾದ ಮೇಲೆ ಅಲ್ಲಿ ಒಂದು ಕಿಣ್ವ ಚುರುಕಾಗಿ, ಸೆರೊಟೊನಿನ್ ಎಂಬ ವಸ್ತುವನ್ನು ಮೆಲಟೋನಿನ್ ಆಗುವ ದಾರಿಗೆ ಹಚ್ಚುತ್ತದೆ. ರಾತ್ರಿಯೆಲ್ಲ ಎಚ್ಚರವಿರುವ ಇಲಿಯಲ್ಲಿಯೂ ಮೆಲಟೋನಿನ್ ಏರುವುದು ರಾತ್ರಿಯೇ. ಆದುದರಿಂದ ಇದು ರಾತ್ರಿಯಾಯಿತೆಂದು ಡಂಗುರ ಸಾರುವ ತಳವಾರನೇ ಹೊರತು ಜೋಗುಳ ಹಾಡುವ ತಾಯಿಯಲ್ಲ. ಹಗಲಿನ ಜೀವಿಯಾದ ಮನುಷ್ಯನಿಗೆ ಆ ಡಂಗುರವೇ ಮಲಗುವ ಸೂಚನೆ. ೧೯೭೨ರಲ್ಲಿ ಡೇವಿಡ್ ಕ್ಲೈನ್ ಮತ್ತು ಜೋನ್ ವೆಲರ್ ನಡುರಾತ್ರಿಯಲ್ಲಿ ಇಲಿಗಳ ಮೇಲೆ ಬೆಳಕು ಬಿಟ್ಟು ನೋಡಿದರು. ಸುಮಾರು ಮೂರು ನಿಮಿಷಗಳಲ್ಲಿ ಆ ಕಿಣ್ವದ ಬಲ ಅರ್ಧಕ್ಕೆ ಕುಸಿದಿತ್ತು. ರಾತ್ರಿಯ ಪ್ರಖರವಾದ ಬೆಳಕು ಮನುಷ್ಯನಲ್ಲಿಯೂ ಮೆಲಟೋನಿನ್ನನ್ನು ತಗ್ಗಿಸುತ್ತದೆಂಬುದು ೧೯೮೦ರಲ್ಲಿ ತಿಳಿಯಿತು. ಅಲ್ಲದೆ, ಹದಿಹರೆಯದಲ್ಲಿ ಈ ಡಂಗುರ ತಾನಾಗಿಯೇ ತಡವಾಗಿ ಮೊಳಗುತ್ತದೆ. ಎಂಟು ವರ್ಷದ ಮಗುವಿಗೆ ಒಂಬತ್ತಕ್ಕೆ ಬರುವ ನಿದ್ದೆ ಹದಿನೈದರ ಹುಡುಗನಿಗೆ ಹತ್ತೂವರೆ, ಹನ್ನೊಂದಾದರೂ ಬಾರದಿರಬಹುದು.

ನಮ್ಮ ಹುಡುಗನದು ಒಂದೇ ಕೋಣೆಯ ಮನೆ. ರಾತ್ರಿ ಹತ್ತರವರೆಗೆ ಮನೆಯವರೆಲ್ಲ ಟ್ಯೂಬ್‌ಲೈಟಿನ ಕೆಳಗೆ ಹೂ ಕಟ್ಟುತ್ತಿದ್ದರು. ವಯಸ್ಸು ಒಂದು ಕಡೆ, ಬೆಳಕು ಇನ್ನೊಂದು ಕಡೆ; ಹನ್ನೊಂದರ ತನಕ ಅವನಿಗೆ ನಿದ್ದೆ ಬಾರದಿದ್ದುದರಲ್ಲಿ ಸೋಜಿಗವೇನು? ಮೂರೂವರೆಗೆ ಎಬ್ಬಿಸಿದಾಗ ಹಿಂದಿನ ದಿನದ ಬೂದಿ ಇನ್ನೂ ಒಲೆಯಲ್ಲಿಯೇ ಇರುತ್ತಿತ್ತು. ಅದರ ಮೇಲೆ ನಾನು ಆರೂವರೆಗೆ ವ್ಯಾಕರಣ ಸುರಿಯುತ್ತಿದ್ದೆ.

ಕಳೆದ ವರ್ಷ ಉಪಾಧ್ಯಾಯರ ಸಭೆಯಲ್ಲಿ ವಿಶೇಷ ತರಗತಿಯನ್ನು ಸಂಜೆ ನಾಲ್ಕೂವರೆಗೆ ಇಡಬೇಕೆಂದು ನಾನೇ ಸೂಚಿಸಿದೆ. ಪೋಷಕರೊಬ್ಬರು ಬಂದು, "ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತೆ ಅಂತ ನೀವೇ ಹೇಳ್ತಿದ್ರಲ್ಲ ಮೇಷ್ಟ್ರೇ" ಎಂದು ಕೇಳಿದರು. ಹೌದು, ಹೇಳುತ್ತಿದ್ದೆ. ಬ್ರಾಹ್ಮೀ ಮುಹೂರ್ತದ ಮಹಿಮೆಯನ್ನು ಈಗಲೂ ಅಲ್ಲಗಳೆಯುವುದಿಲ್ಲ. ಆದರೆ ಆ ಹೊತ್ತಿಗೆ ಏಳುತ್ತಿದ್ದ ನಮ್ಮ ತಾತಂದಿರು ಮುಸ್ಸಂಜೆಗೆ ಉಂಡು, ದೀಪ ಆರಿಸಿ ಮಲಗುತ್ತಿದ್ದರೆಂಬ ಉತ್ತರಾರ್ಧವನ್ನು ನಾನು ಹೇಳಲು ಮರೆತಿದ್ದೆ. ಅವರಿಗೆ ಅದನ್ನು ವಿವರಿಸಿದೆ. ಒಪ್ಪಿದರೆಂದು ಹೇಳಲಾರೆ, ಜಗಳವಾಡದೆ ಹೋದರು.

ಹೂವಿನ ಹುಡುಗ ತೇರ್ಗಡೆಯಾಗಿ ಹೋಗಿ ಬಹಳ ದಿನಗಳಾದವು. ಮಂಡಿಯ ಕಡೆ ಹೋದಾಗ ಕಾಣುತ್ತಾನೆ. ಹಣೆಯ ಗುರುತು ಮಾಸಿಲ್ಲ, ಆದರೂ ನಮಸ್ಕಾರ ಮಾಡುತ್ತಾನೆ. ಸಂಜೆಯ ತರಗತಿ ಈ ವರ್ಷವೂ ನಡೆಯುತ್ತಿದೆ. ಆ ಹೊತ್ತಿಗೆ ಹುಡುಗರಿಗೆ ಹಸಿವಾಗುತ್ತದೆಂಬ ಹೊಸ ದೂರು ಬಂದುದರಿಂದ ಉಪಾಧ್ಯಾಯರ ಕೊಠಡಿಯಲ್ಲಿ ಒಂದು ಡಬ್ಬ ಹುರಿಗಡಲೆಕಾಯಿ ತರಿಸಿಟ್ಟಿದ್ದೇವೆ.